ನೆಲದಡಿಯ ಹಲಗೆ: ಪ್ಲೈವುಡ್ಡೋ, ಓ.ಎಸ್.ಬಿ.ಯೋ?

ಮನೆಯ ನೆಲವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಶಹಾಬಾದಿನ ಪರಸಿ, ಕಡಪಾ ಕಲ್ಲು ಇಲ್ಲವೆ ನುಣುಪಾದ ಗಾರೆ. ಉತ್ತರ ಅಮೆರಿಕದಲ್ಲಿ ಹಾಗಲ್ಲ. ಅಲ್ಲಿಯ ಬಹುಪಾಲು ಮನೆಗಳು ಮರದ ಚೌಕಟ್ಟಿನವು. ನಮ್ಮ ಮಾಳಿಗೆ ಮನೆಗಳಲ್ಲಿ ತೊಲೆಗಳ ಮೇಲೆ ಜಂತೆಗಳನ್ನಿರಿಸಿ ಹಲಗೆ ಹೊದಿಸುವಂತೆ, ಅಲ್ಲಿಯೂ ಜಂತೆಗಳ ಸಾಲಿನ ಮೇಲೆ ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಹಲಗೆಗಳನ್ನು ಹಾಸುವರು. ಮರದ ಪಟ್ಟಿ, ಜಮಖಾನೆ, ಟೈಲ್ಸ್ ಇವೆಲ್ಲ ಬರುವುದು ಅದರ ಮೇಲೆ. ಈ ಅಡಿಹಲಗೆಗೆ ಸಬ್‌ಫ್ಲೋರ್ ಎಂದು ಹೆಸರು. ನಮ್ಮ ಶಾಲೆಯಲ್ಲಿ ಕಲಿತು ಆ ದೇಶಗಳಲ್ಲಿ ನೆಲೆಸಿದವರು ಮನೆ ಕಟ್ಟಿಸುವಾಗ, ಅದಕ್ಕೆ ಪ್ಲೈವುಡ್ ಬೇಕೋ ಓ.ಎಸ್.ಬಿ. ಬೇಕೋ ಎಂಬ ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ.

ಪ್ಲೈವುಡ್ ಹಳೆಯದು. ದಿಮ್ಮಿಯನ್ನು ತಿರುಗಿಸುತ್ತ ತೆಳುವಾದ ಹಾಳೆಗಳಾಗಿ ಸುಲಿದು, ಒಂದರ ಎಳೆ ಇನ್ನೊಂದರ ಎಳೆಗೆ ಅಡ್ಡಲಾಗಿ ಬರುವಂತೆ ಜೋಡಿಸಿ, ಅಂಟು ಹಚ್ಚಿ, ಕಾವಿನಲ್ಲಿ ಒತ್ತಿ ಅದನ್ನು ತಯಾರಿಸುವರು. ಮರವು ಎಳೆಯ ಅಡ್ಡಕ್ಕೆ ಹಿಗ್ಗುವುದು, ಕುಗ್ಗುವುದು ಹೆಚ್ಚು. ಅಡ್ಡಪದರಗಳು ಒಂದನ್ನೊಂದು ಹಿಡಿದು ಆ ಚಲನೆಯನ್ನು ತಡೆಯುತ್ತವೆ.

ಓ.ಎಸ್.ಬಿ. ಎಂದರೆ ಓರಿಯೆಂಟೆಡ್ ಸ್ಟ್ರ್ಯಾಂಡ್ ಬೋರ್ಡ್. ಆರ್ಮಿನ್ ಎಲ್ಮೆಂಡಾರ್ಫ್ ಎಂಬವರು ಇದಕ್ಕೆ 1965ರಲ್ಲಿ ಪೇಟೆಂಟ್ ಪಡೆದರು. ಹಾಳೆ ಸುಲಿಯಲು ಬಾರದ ಸಣ್ಣ ದಿಮ್ಮಿಗಳನ್ನು ಕೆಲವು ಅಂಗುಲ ಉದ್ದದ ತೆಳುಚಕ್ಕೆಗಳಾಗಿ ಸೀಳಿ, ಮೇಲಿನ ಹಾಗೂ ಕೆಳಗಿನ ಪದರಗಳಲ್ಲಿ ಅವನ್ನು ಹಲಗೆಯ ಉದ್ದಕ್ಕೂ ನಡುವೆ ಅಡ್ಡಲಾಗಿಯೂ ಹರಡಿ, ಅಂಟು ಮತ್ತು ಮೇಣ ಸೇರಿಸಿ ಬಿಸಿಯೊತ್ತು ಕೊಡುವರು. ಸಣ್ಣ ಮರ ಸಾಲುವುದರಿಂದ ಬೆಲೆ ಸಾಮಾನ್ಯವಾಗಿ ಕಡಿಮೆ. ಸುಮಾರು 2000ದ ವೇಳೆಗೆ ಉತ್ತರ ಅಮೆರಿಕದಲ್ಲಿ ಇದರ ಉತ್ಪಾದನೆ ಪ್ಲೈವುಡ್ಡನ್ನು ಮೀರಿತು.

ಬಲದ ಮಾತಿಗೆ ಬಂದರೆ, ಅಲ್ಲಿಯ ಕಟ್ಟಡ ನಿಯಮಗಳು ಎರಡನ್ನೂ ಒಪ್ಪುತ್ತವೆ. ಹಲಗೆಯ ಮೇಲಿನ ಮುದ್ರೆಯಲ್ಲಿ ಜಂತೆಗಳ ನಡುವೆ ಎಷ್ಟು ಅಂತರವಿರಬಹುದೆಂಬುದು ನಮೂದಾಗಿರುತ್ತದೆ. ಬಗ್ಗದ ಗುಣದಲ್ಲಿ ಪ್ಲೈವುಡ್ ಸ್ವಲ್ಪ ಮೇಲು. ಮೊಳೆ ಹಿಡಿಯುವುದರಲ್ಲಿಯೂ ಅದಕ್ಕೆ ಮನ್ನಣೆಯುಂಟು. ಆದರೆ ನಿಜವಾದ ಭೇದವನ್ನು ತೋರಿಸುವುದು ನೀರು.

ಪ್ಲೈವುಡ್ ನೀರನ್ನು ಬೇಗ ಹೀರುತ್ತದೆ, ಬೇಗ ಒಣಗುತ್ತದೆ. ಒಣಗಿದ ಮೇಲೆ ಹೆಚ್ಚುಕಡಿಮೆ ಮೊದಲಿನ ದಪ್ಪಕ್ಕೆ ಮರಳುತ್ತದೆ. ಬಹುಕಾಲ ನೆನೆದರೆ ಮಾತ್ರ ಪದರಗಳು ಬಿಟ್ಟುಕೊಳ್ಳುವ ಭಯ. ಓ.ಎಸ್.ಬಿ. ನಿಧಾನವಾಗಿ ಹೀರುತ್ತದೆ, ಆದರೆ ಒಳಸೇರಿದ ತೇವವನ್ನು ಬಿಡುವುದೂ ನಿಧಾನವೇ. ಒತ್ತಡದಲ್ಲಿ ಅಮುಕಲ್ಪಟ್ಟ ಚಕ್ಕೆಗಳು ನೆನೆದಾಗ ಉಬ್ಬಿ, ಒಣಗಿದ ಮೇಲೂ ಪೂರ್ತಿಯಾಗಿ ಇಳಿಯುವುದಿಲ್ಲ. ಅದರಲ್ಲಿಯೂ ಕೊಯ್ದ ಅಂಚುಗಳು ಮೊದಲು ಉಬ್ಬುತ್ತವೆ. ಛಾವಣಿ ಏರುವ ಮೊದಲು ಸುರಿದ ಮಳೆಯು, ಮನೆಯಲ್ಲಿ ವಾಸ ಹೂಡಿದ ಮೇಲೆ ನೆಲದ ಕೂಡುಗೆರೆಗಳಲ್ಲಿ ಏಣುಗಳಾಗಿ ಎದ್ದು ತೋರಬಹುದು. ಅದನ್ನು ಉಜ್ಜಿ ಸಮಮಾಡುವ ಖರ್ಚು, ಹಲಗೆಯಲ್ಲಿ ಉಳಿಸಿದ ಹಣವನ್ನು ನುಂಗಿಬಿಡುತ್ತದೆ. ಅಂಚಿಗೆ ಲೇಪ ಕೊಟ್ಟು ಹೆಚ್ಚು ಅಂಟಿನಿಂದ ಮಾಡಿದ ಉತ್ತಮ ದರ್ಜೆಯ ಓ.ಎಸ್.ಬಿ. ಈ ದೋಷವನ್ನು ಬಹುಮಟ್ಟಿಗೆ ತಡೆಯುವುದಾದರೂ ಅದರ ಬೆಲೆ ಸಾಧಾರಣ ಹಲಗೆಗಿಂತ ಹೆಚ್ಚು.

ಆದುದರಿಂದ ವಿವೇಕದ ದಾರಿ ಹೀಗೆ: ಬಚ್ಚಲು, ಅಡಿಗೆಮನೆ, ಬಟ್ಟೆ ಒಗೆಯುವ ಕೋಣೆಗಳಿಗೆ ಪ್ಲೈವುಡ್, ಮಳೆಗಾಲದಲ್ಲಿ ಕಟ್ಟುವುದಾದರೆ ಎಲ್ಲೆಡೆಯೂ ಪ್ಲೈವುಡ್ ಅಥವಾ ಉತ್ತಮ ದರ್ಜೆಯ ಓ.ಎಸ್.ಬಿ. ಬೇಗ ಛಾವಣಿ ಹೊದಿಸುವ ಮನೆಯ ಮಲಗುವ ಕೋಣೆಗಳಿಗೆ ಸಾಧಾರಣ ಓ.ಎಸ್.ಬಿ. ಸಾಕು. ಓ.ಎಸ್.ಬಿ.ಯ ಮೇಲೆ ನೇರವಾಗಿ ಟೈಲ್ಸ್ ಅಂಟಿಸಬಾರದು. ನಡುವೆ ಸಿಮೆಂಟಿನ ಹಲಗೆ ಇರಲಿ.

ಯಾವುದನ್ನೇ ಆರಿಸಲಿ, ಹಾಸುವ ಕ್ರಮ ಕೆಟ್ಟರೆ ಫಲವಿಲ್ಲ. ಜಂತೆಗೆ ಅಂಟು ಹಚ್ಚಿ ಸ್ಕ್ರೂ ಅಥವಾ ಗೀರುಮೊಳೆಯಿಂದ ಬಿಗಿಯಬೇಕು. ಇಲ್ಲವಾದರೆ ಕಾಲಿಟ್ಟಲ್ಲೆಲ್ಲ ನೆಲ ಕಿರುಗುಟ್ಟುವುದು. ಹಲಗೆ ಹಲಗೆಯ ನಡುವೆ ಅಂಗುಲದ ಎಂಟನೆಯ ಒಂದು ಪಾಲು ಸಂದು ಬಿಡಬೇಕು. ಹಿಗ್ಗಲು ಎಡೆಯಿಲ್ಲದ ಹಲಗೆ ಮೇಲಕ್ಕೆ ಬಾಗುವುದು. ತೇವ ಆರುವ ಮುನ್ನ ಮೇಲುಹಾಸನ್ನು ಹಾಕಲೇಬಾರದು.

ಮನೆ ಮುಗಿದ ಮೇಲೆ ಈ ಹಲಗೆಯನ್ನು ಯಾರೂ ಕಾಣರು. ಅತಿಥಿಗಳು ಹೊಗಳುವುದು ಮೇಲಿನ ಹೊಳಪನ್ನು ಮಾತ್ರ. ಆದರೂ ಆ ಮನೆಯ ಮಕ್ಕಳು ಓಡಾಡುವುದು, ವೃದ್ಧರು ಹೆಜ್ಜೆಯಿಡುವುದು ಇದರ ಆಧಾರದ ಮೇಲೆಯೇ. ಕಣ್ಣಿಗೆ ಬೀಳದ ಕೆಲಸದಲ್ಲಿಯೂ ಶ್ರದ್ಧೆ ತಪ್ಪದಿರುವುದೇ ಕಾಯಕವೆಂದು ಕಲಿತವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.