ಕುಂಬಾರನಿಲ್ಲದ ಮಡಕೆ

ಮಡಕೆ ಇದ್ದರೆ ಕುಂಬಾರ ಇರಲೇಬೇಕು. ಜಗತ್ತಿದ್ದರೆ ಅದನ್ನು ಮಾಡಿದವನೊಬ್ಬ ಇರಲೇಬೇಕು. ದೇವರಿದ್ದಾನೆ ಎನ್ನಲು ನಮ್ಮಲ್ಲಿ ಬಹಳ ಮಂದಿ ಕೊಡುವ ಕಾರಣ ಇದೇ. ಎಷ್ಟೋ ವರ್ಷ ನಾನೂ ಇದನ್ನೇ ನೆಚ್ಚಿಕೊಂಡಿದ್ದೆ.

ಈ ನಂಬಿಕೆ ನನಗೆ ಹೆತ್ತವರಿಂದ ಬಂದದ್ದಲ್ಲ. ಬೆಂಗಳೂರಿನ ನಮ್ಮ ಮನೆಯಲ್ಲಿ ದೇವರ ಕೋಣೆ ಇರಲಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದಾಗ ಅಪ್ಪನಿಗೆ ಅದೇ ಹಬ್ಬ. ದೇವರು ನನ್ನ ಬದುಕಿಗೆ ಬಂದದ್ದು ಆಸ್ಪತ್ರೆಯ ರಾತ್ರಿಪಾಳಿಗಳಲ್ಲಿ. ಆಸೆ ಬಿಟ್ಟಿದ್ದ ರೋಗಿ ಬೆಳಗಿನ ಹೊತ್ತಿಗೆ ಕಣ್ಣು ತೆರೆದರೆ 'ಇದು ನನ್ನ ಕೈಯಿಂದ ಆದದ್ದಲ್ಲ' ಎನಿಸುತ್ತದೆ. ಹಾಗೆ ಎನಿಸುತ್ತ ಎನಿಸುತ್ತ, ಹೆಂಡತಿ ಹಚ್ಚುವ ದೀಪಕ್ಕೆ ನಾನೂ ಕೈಮುಗಿಯತೊಡಗಿದೆ.

ನಿವೃತ್ತಿಯ ನಂತರ ಆಡಮ್ಸ್‌ಟೌನ್‌ನಲ್ಲಿ ಬಿಡುವಾಗಿ ಕೂತು ಓದಿದ್ದು ಮೈಸೂರಿನ ಎಂ. ಹಿರಿಯಣ್ಣನವರ ಇಂಗ್ಲಿಷ್ ಗ್ರಂಥ, 1932ರಲ್ಲಿ ಬಂದ ಭಾರತೀಯ ದರ್ಶನಗಳ ಪರಿಚಯ. ಅಲ್ಲಿಂದ ಮುಂದೆ ಮುಂದೆ ಹೋದೆ. ಕುಂಬಾರನ ವಾದ ನ್ಯಾಯ ದರ್ಶನದ್ದು. ಉದಯನಾಚಾರ್ಯರು 'ನ್ಯಾಯಕುಸುಮಾಂಜಲಿ'ಯಲ್ಲಿ ಅದಕ್ಕೆ ಭದ್ರ ರೂಪ ಕೊಟ್ಟರು. ಅದನ್ನು ಒಪ್ಪದವರು ಚಾರ್ವಾಕರಷ್ಟೇ ಅಲ್ಲ. ವೇದವೇ ಪ್ರಮಾಣವೆನ್ನುವ ಮೀಮಾಂಸಕ ಕುಮಾರಿಲಭಟ್ಟರೂ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ. ಜೈನರೂ ಅಷ್ಟೆ. ಶ್ರವಣಬೆಳಗೊಳದ ಬೆಟ್ಟ ಹತ್ತಿ ಕೈಮುಗಿದು ಬಂದ ನಮ್ಮಲ್ಲಿ ಎಷ್ಟು ಜನ ಇದನ್ನು ಯೋಚಿಸಿದ್ದೇವೆ?

ನನ್ನನ್ನು ನಿಲ್ಲಿಸಿದವರು ರಾಮಾನುಜಾಚಾರ್ಯರು. ಮೇಲುಕೋಟೆಯಲ್ಲಿ ನೆಲೆಸಿದ್ದ ಈ ಮಹಾಭಕ್ತರು ಶ್ರೀಭಾಷ್ಯದಲ್ಲಿ ಕುಂಬಾರನ ವಾದವನ್ನು ಬಿಚ್ಚಿ ಹರವುತ್ತಾರೆ. ಮಡಕೆ ಮಾಡುವುದನ್ನು ಕಂಡಿದ್ದೇವೆ, ಜಗತ್ತನ್ನು ಮಾಡಿದ್ದನ್ನು ಕಂಡವರಿಲ್ಲ. ಮಾಡಿದ್ದೇ ಆದರೂ ಒಬ್ಬನೇ ಮಾಡಿದ, ಒಂದೇ ಸಲ ಮಾಡಿದ ಎಂಬುದಕ್ಕೆ ಏನು ಆಧಾರ? ಕುಂಬಾರನ ಹೋಲಿಕೆ ಹಿಡಿದರೆ ಸಿಗುವವನು ದೇಹವುಳ್ಳ, ಮಿತ ಶಕ್ತಿಯ ಕರ್ತೃವೇ ಹೊರತು ಪರಮಾತ್ಮನಲ್ಲ. 1779ರಲ್ಲಿ ಪ್ರಕಟವಾದ ಸಂವಾದಗ್ರಂಥದಲ್ಲಿ ಡೇವಿಡ್ ಹ್ಯೂಮ್ ಎತ್ತುವ ಆಕ್ಷೇಪಗಳೂ ಹೆಚ್ಚುಕಡಿಮೆ ಇವೇ, ಅದೂ ಆರು ಶತಮಾನಗಳ ಮೇಲೆ.

ವೈದ್ಯನಿಗೆ ಇದು ಬೇಗ ನಾಟುತ್ತದೆ. ಜ್ವರದ ಜೊತೆ ಕುತ್ತಿಗೆ ಬಿಗಿದಿದ್ದರೆ ನಾವು ಮೆದುಳು ಪೊರೆಯ ಉರಿಯೂತವನ್ನು ಶಂಕಿಸುವುದು ಅಂಥ ರೋಗಿಗಳನ್ನು ಹಿಂದೆ ಕಂಡಿರುವುದರಿಂದ. ಜಗತ್ತು ಒಂದೇ, ಹೋಲಿಸಲು ಇನ್ನೊಬ್ಬ ರೋಗಿಯಿಲ್ಲ. ಇನ್ನು ಬೆಳಗಿನ ಹೊತ್ತು ಕಣ್ಣು ತೆರೆದ ರೋಗಿಯ ಸಾಕ್ಷ್ಯ: ಹರಕೆ ಹೊತ್ತೂ ತೀರಿಕೊಂಡವರನ್ನು, ಹೊರದೆಯೂ ಉಳಿದವರನ್ನು ಲೆಕ್ಕಕ್ಕೆ ಸೇರಿಸದೆ ಯಾವ ಔಷಧವನ್ನೂ ನಾವು ಒಪ್ಪುವುದಿಲ್ಲವಲ್ಲ.

ಹಾಗೆಂದು ಅಪ್ಪ ಗೆದ್ದಂತಲ್ಲ. ವಾದ ಬಿದ್ದರೆ ದೇವರಿಲ್ಲ ಎಂದು ಸಿದ್ಧವಾಗುವುದಿಲ್ಲ. ಅನುಮಾನದಿಂದ ಸಿಗದ ದೇವರು ಶಾಸ್ತ್ರದಿಂದ ಸಿಗುತ್ತಾನೆ ಎಂಬುದೇ ರಾಮಾನುಜರ ನಿಲುವು. ನನ್ನ ತೊಡಕು ಇರುವುದು ಇಲ್ಲೇ. ನನ್ನ ಹೆಂಡತಿ ಶ್ಲೋಕ ಕೇಳುತ್ತ ಬೆಳೆದವಳು. ಕುಂಬಾರ ಹೋದರೂ ಅವಳ ದೇವರಿಗೆ ಏನೂ ಆಗುವುದಿಲ್ಲ. ನನಗೆ ಬಾಲ್ಯದಲ್ಲಿ ಶಾಸ್ತ್ರವೂ ಇರಲಿಲ್ಲ, ಹಬ್ಬವೂ ಇರಲಿಲ್ಲ. ನನ್ನ ನಂಬಿಕೆ ಪೂರ್ತಿ ನಿಂತಿದ್ದು ಆ ತರ್ಕದ ಮೇಲೆ.

2022ರ ಐರ್ಲೆಂಡ್ ಜನಗಣತಿಯ ಧರ್ಮದ ಪ್ರಶ್ನೆಯಲ್ಲಿ 'ಯಾವುದೂ ಇಲ್ಲ' ಎಂಬುದೇ ಮೊದಲ ಚೌಕ. 7 ಲಕ್ಷಕ್ಕೂ ಹೆಚ್ಚು ಜನ ಅದನ್ನು ಗುರುತಿಸಿದರು. ನಮ್ಮ ಮನೆಯವರೆಲ್ಲರ ಪರವಾಗಿ ಹೆಂಡತಿ ಹಿಂದೂ ಎಂದು ತುಂಬಿದಳು. 2027ರಲ್ಲಿ ಮತ್ತೆ ಗಣತಿ ಬರುತ್ತದೆ. ನನ್ನ ಭಾಗವನ್ನು ನಾನೇ ತುಂಬುತ್ತೇನೆ ಎಂದು ಅವಳಿಗೆ ಹೇಳಿದ್ದೇನೆ. ಅವಳು ಏನೂ ಅನ್ನಲಿಲ್ಲ; ಬತ್ತಿ ಹೊಸೆಯುತ್ತಿದ್ದಳು.