ಘಟ್ಟವಿಳಿಯುವ ಕೊನೆಯ ದಿನ

ಮಲೆನಾಡಿನ ಪ್ರವಾಸಕ್ಕೆ ಹೊರಟವರಿಗೆ ಮೊದಲನೆಯ ದಿನವೆಲ್ಲ ಉತ್ಸಾಹ. ಕೊನೆಯ ದಿನವೆಲ್ಲ ಮನೆಯ ನೆನಪು. ಚೀಲಗಳನ್ನು ಕಟ್ಟಿಯಾಗಿರುತ್ತದೆ, ಕಣ್ಣು ದಣಿದಿರುತ್ತದೆ, "ಇನ್ನೇನು, ಘಟ್ಟ ಇಳಿದುಬಿಟ್ಟರೆ ಆಯಿತು" ಎಂಬ ಮಾತು ಎಲ್ಲರ ಬಾಯಲ್ಲಿಯೂ ಬರುತ್ತದೆ. ಆದರೆ ವಾಹನಕ್ಕೂ ಚಾಲಕನಿಗೂ ನಿಜವಾದ ಪರೀಕ್ಷೆ ಕಾದಿರುವುದು ಆ ಇಳಿತದಲ್ಲಿಯೇ. ಏರುವಾಗ ಎಂಜಿನು ಸೋತರೆ ವಾಹನ ನಿಲ್ಲುತ್ತದೆ. ಇಳಿಯುವಾಗ ಬ್ರೇಕು ಸೋತರೆ ವಾಹನ ನಿಲ್ಲುವುದೇ ಇಲ್ಲ. ಈ ಭೇದದ ಹಿಂದಿರುವ ಭೌತಶಾಸ್ತ್ರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾವು ನಾಲ್ವರು ಸ್ನೇಹಿತರು ಇಂಥದೊಂದು ಪ್ರವಾಸದ ಕಡೆಯ ದಿನ ಬೆಳಿಗ್ಗೆ ಸಾಗರವನ್ನು ಬಿಟ್ಟು, ಹೊಸನಗರ, ತೀರ್ಥಹಳ್ಳಿಗಳ ಮಾರ್ಗವಾಗಿ ಆಗುಂಬೆಗೆ ಬಂದು, ಅಲ್ಲಿಂದ ಉಡುಪಿಯ ಕಡೆಗೆ ಇಳಿದೆವು. ಈ ದಾರಿಯಲ್ಲಿ ಏರಿಳಿತಗಳೇನೋ ಬಹಳ. ಆದರೂ ಸಾಗರದಿಂದ ಆಗುಂಬೆಯವರೆಗಿನ ಊರುಗಳು ಸಮುದ್ರಮಟ್ಟದಿಂದ ಸುಮಾರು 600 ಮೀಟರುಗಳ ಆಸುಪಾಸಿನಲ್ಲಿಯೇ ಇವೆ. ಪಶ್ಚಿಮ ಘಟ್ಟಗಳು ಪೂರ್ವಕ್ಕೆ ಮೆಲ್ಲನೆ ಇಳಿಜಾರಾಗಿವೆ. ಪಶ್ಚಿಮಕ್ಕೆ ಮಾತ್ರ ಗೋಡೆಯಂತೆ ಕಡಿದಾಗಿವೆ. ಆದುದರಿಂದ ದಿನವೆಲ್ಲ ಕಾಪಾಡಿಕೊಂಡು ಬಂದ ಎತ್ತರವನ್ನು ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ, ಸೋಮೇಶ್ವರವನ್ನು ಮುಟ್ಟುವುದರೊಳಗೆ, ಒಮ್ಮೆಗೇ ಕಳೆದುಕೊಳ್ಳಬೇಕಾಗುತ್ತದೆ.

ಎತ್ತರವೆಂದರೆ ಕೂಡಿಟ್ಟ ಶಕ್ತಿ. ಇದಕ್ಕೆ ನಾವು ಬಂದ ಸೀಮೆಯಲ್ಲಿಯೇ ಒಳ್ಳೆಯ ನಿದರ್ಶನವಿದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರದ ಸೀಮೆಯನ್ನು ಹಾದು, ಸಾಗರ ತಾಲ್ಲೂಕಿನ ಜೋಗದಲ್ಲಿ 253 ಮೀಟರು ಕೆಳಕ್ಕೆ ಧುಮುಕುತ್ತದೆ. ಆ ನೀರಿನ ಪ್ರಚ್ಛನ್ನ ಶಕ್ತಿಯೇ 1948ರಿಂದ ಜೋಗದ ವಿದ್ಯುದಾಗಾರದಲ್ಲಿ ದೀಪ ಉರಿಸುವ ಶಕ್ತಿಯಾಗಿ ಮಾರ್ಪಟ್ಟಿತು. ಘಟ್ಟ ಇಳಿಯುವ ಕಾರೂ ಶರಾವತಿಯ ನೀರಿನಂತೆಯೇ. ಜನರೂ ಸಾಮಾನೂ ಸೇರಿ ಅದರ ತೂಕ 1,500 ಕಿಲೋಗ್ರಾಂ, ಇಳಿತ 500 ಮೀಟರು ಎಂದು ಹಿಡಿಯೋಣ. ಕಳೆಯಬೇಕಾದ ಶಕ್ತಿ ಸುಮಾರು 73 ಲಕ್ಷ ಜೂಲ್. ಇದೆಲ್ಲವೂ ವೇಗವಾಗಿ ಪರಿಣಮಿಸಿದರೆ ಕಾರು ಘಟ್ಟದ ಬುಡದಲ್ಲಿ ಗಂಟೆಗೆ 350 ಕಿಲೋಮೀಟರಿಗೂ ಮಿಕ್ಕಿ ಓಡುತ್ತಿರಬೇಕು! ಹಾಗಾಗದಂತೆ ತಡೆಯುವುದು ಬ್ರೇಕಿನ ಕೆಲಸ.

ಆದರೆ ಶಕ್ತಿ ನಾಶವಾಗುವುದಿಲ್ಲ. ರೂಪ ಬದಲಾಯಿಸುತ್ತದೆ, ಅಷ್ಟೆ. ಬ್ರೇಕು ಹಿಡಿದಾಗ ಚಲನಶಕ್ತಿ ಘರ್ಷಣೆಯಿಂದ ಶಾಖವಾಗುತ್ತದೆ. ಮೇಲಿನ ಲೆಕ್ಕದ ಶಾಖ ಇಪ್ಪತ್ತಮೂರು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಘಟ್ಟವನ್ನು ಅರ್ಧ ಗಂಟೆಯಲ್ಲಿ ಇಳಿದರೆ, ಬಚ್ಚಲುಮನೆಯ ಎರಡು ದೊಡ್ಡ ಗೀಸರುಗಳು ಆ ಹೊತ್ತೆಲ್ಲ ಉರಿದಷ್ಟು ಶಾಖವಾಯಿತು. ಬ್ರೇಕಿನ ಕಬ್ಬಿಣವೆಲ್ಲ ಸೇರಿ ಮೂವತ್ತು ಕಿಲೋಗ್ರಾಂ ಇದ್ದು, ಗಾಳಿ ಏನನ್ನೂ ಒಯ್ಯದಿದ್ದರೆ, ಅದರ ಉಷ್ಣತೆ ಐದುನೂರು ಡಿಗ್ರಿಗಿಂತಲೂ ಹೆಚ್ಚು ಏರಬೇಕು. ಗಾಳಿ ಬಹುಭಾಗವನ್ನು ಒಯ್ಯುವುದೇನೋ ನಿಜ. ಆದರೆ ಮೆಲ್ಲನೆ ಸಾಗುವ ವಾಹನಕ್ಕೆ ಬೀಸುವ ಗಾಳಿಯೂ ಕಡಿಮೆ.

ಕಾದ ಬ್ರೇಕು ಎರಡು ಬಗೆಯಲ್ಲಿ ಕೈಕೊಡುತ್ತದೆ. ಮೊದಲನೆಯದು, ಒತ್ತುಪಟ್ಟಿಯ ಘರ್ಷಣೆ ಕುಗ್ಗುವುದು. ಆಗ ಎಷ್ಟು ಬಲವಾಗಿ ತುಳಿದರೂ ಹಿಡಿತ ಸಾಲದು. ಎರಡನೆಯದು, ಬ್ರೇಕಿನ ದ್ರವ ಕುದಿಯುವುದು. ದ್ರವವನ್ನು ಅದುಮಿ ಕುಗ್ಗಿಸಲಾಗದೆಂಬ ನಿಯಮದ ಮೇಲೆಯೇ ಈ ಯಂತ್ರ ನಿಂತಿದೆ. ಆವಿಯ ಗುಳ್ಳೆಗಳಾದರೋ ಸುಲಭವಾಗಿ ಕುಗ್ಗುತ್ತವೆ. ಅವು ಹುಟ್ಟಿದರೆ ಪೆಡಲು ಮೆತ್ತಗಾಗಿ ತಳಕ್ಕಿಳಿಯುತ್ತದೆಯೇ ಹೊರತು ಚಕ್ರಕ್ಕೆ ಒತ್ತಡ ತಲಪುವುದಿಲ್ಲ. ಸಾಮಾನ್ಯವಾಗಿ ಬಳಸುವ ಬ್ರೇಕು ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಹಳೆಯದಾದಷ್ಟೂ ಬೇಗ ಕುದಿಯುತ್ತದೆ. ನಿಯಮಿತ ಕಾಲಕ್ಕೆ ಅದನ್ನು ಬದಲಾಯಿಸಬೇಕೆನ್ನುವುದು ಇದಕ್ಕಾಗಿಯೇ.

ಹಾಗಾದರೆ ಶಾಖವನ್ನು ಬೇರೆಲ್ಲಿಗೆ ಕಳುಹಿಸುವುದು? ಎಂಜಿನಿಗೆ. ಕೆಳ ಗೇರಿನಲ್ಲಿ ಕಾಲನ್ನು ಆಕ್ಸಿಲರೇಟರಿನಿಂದ ತೆಗೆದರೆ ಚಕ್ರಗಳೇ ಎಂಜಿನನ್ನು ತಿರುಗಿಸಬೇಕಾಗುತ್ತದೆ. ಪೆಟ್ರೋಲು ಎಂಜಿನಿನಲ್ಲಿ ಗಾಳಿಯ ದ್ವಾರ ಆಗ ಬಹುಮಟ್ಟಿಗೆ ಮುಚ್ಚಿರುವುದರಿಂದ ಪಿಸ್ಟನ್ನುಗಳು ಅರೆನಿರ್ವಾತಕ್ಕೆ ಎದುರಾಗಿ ಎಳೆಯುತ್ತವೆ. ವಾಹನದ ಶಕ್ತಿ ಈ ದುಡಿಮೆಯಲ್ಲಿಯೂ ಒಳಗಿನ ಘರ್ಷಣೆಯಲ್ಲಿಯೂ ಕರಗುತ್ತದೆ. ಯಾವ ಗೇರಿನಲ್ಲಿ ಏರಬೇಕೋ ಆ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತಿನ ಮರ್ಮ ಇದೇ.

ಘಟ್ಟದ ಬಾಯಲ್ಲಿ ನಮ್ಮ ಸ್ನೇಹಿತರೊಬ್ಬರು, "ಗೇರು ತೆಗೆದು ಸುಮ್ಮನೆ ಉರುಳಲು ಬಿಟ್ಟರೆ ಪೆಟ್ರೋಲು ಉಳಿಯುವುದಲ್ಲವೆ?" ಎಂದು ಕೇಳಿದರು. ಬಹಳ ಮಂದಿಯ ನಂಬಿಕೆ ಇದು. ಈಗಿನ ಎಂಜಿನುಗಳಲ್ಲಿ ಸಂಗತಿ ತಿರುವುಮುರುವು. ಗೇರಿನಲ್ಲಿ ಇಳಿಯುವಾಗ ಎಂಜಿನು ಚಕ್ರಗಳ ಬಲದಿಂದಲೇ ತಿರುಗುವುದರಿಂದ ಇಂಧನದ ಸರಬರಾಜು ತಾನಾಗಿ ನಿಲ್ಲುತ್ತದೆ. ಗೇರು ತೆಗೆದರೆ ಎಂಜಿನು ಆರದಂತೆ ಇಂಧನ ಸುರಿಯಲೇಬೇಕು. ಎಂಜಿನನ್ನು ಪೂರ್ತಿ ನಿಲ್ಲಿಸುವುದಂತೂ ಆತ್ಮಘಾತುಕ. ಬ್ರೇಕಿಗೂ ಸ್ಟಿಯರಿಂಗಿಗೂ ಯಂತ್ರದಿಂದ ದೊರೆಯುವ ನೆರವು ಆಗ ತಪ್ಪಿಹೋಗುತ್ತದೆ.

ವಿದ್ಯುತ್ ಕಾರು ಇನ್ನೂ ಜಾಣತನದ್ದು. ಇಳಿಯುವಾಗ ಅದರ ಮೋಟಾರು ಜೋಗದ ಯಂತ್ರಗಳಂತೆ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ಮರಳಿಸುತ್ತದೆ. ಆದರೆ ಬ್ಯಾಟರಿ ಆಗಲೇ ತುಂಬಿದ್ದರೆ ಈ ಶಕ್ತಿಗೆ ಜಾಗವಿಲ್ಲ. ಘಟ್ಟದ ಮೇಲೆ ಪೂರ್ತಿ ಚಾರ್ಜು ಮಾಡಿಕೊಂಡು ಇಳಿಯತೊಡಗುವುದು ಆದುದರಿಂದ ವಿವೇಕವಲ್ಲ.

ಇನ್ನು ತಿರುವುಗಳು. ವಾಹನವನ್ನು ತಿರುಗಿಸಲು ಬೇಕಾದ ಕೇಂದ್ರಾಭಿಮುಖ ಬಲ ವೇಗದ ವರ್ಗಕ್ಕೆ ಅನುಗುಣವಾದುದು. ವೇಗ ಇಮ್ಮಡಿಯಾದರೆ ಬಲ ನಾಲ್ಕು ಮಡಿಯಾಗಬೇಕು. ಅದನ್ನು ಒದಗಿಸುವುದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆ. ಹನ್ನೆರಡು ಮೀಟರು ತ್ರಿಜ್ಯದ ಸಮತಲ ತಿರುವಿನಲ್ಲಿ, ಒಣ ರಸ್ತೆಯಾದರೆ ಗಂಟೆಗೆ ಸುಮಾರು 32 ಕಿಲೋಮೀಟರಿನವರೆಗೆ ಟೈರು ಹಿಡಿದುಕೊಂಡೀತು. ಒದ್ದೆಯಾದರೆ 25 ಮೀರಿದೊಡನೆ ಜಾರತೊಡಗಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಕಡಲಿನಿಂದ ಬರುವ ತೇವದ ಗಾಳಿ ಘಟ್ಟದ ಗೋಡೆಗೆ ತಾಗಿ ಮೇಲೇರಿ, ತಣಿದು ಮಳೆ ಸುರಿಸುತ್ತದೆ. ನಮ್ಮ ಇಳಿತವನ್ನು ಕಡಿದಾಗಿಸಿದ ಗೋಡೆಯೇ ರಸ್ತೆಯನ್ನೂ ಒದ್ದೆಯಾಗಿಸುತ್ತದೆಂಬುದು ಗಮನಿಸತಕ್ಕ ಸಂಗತಿ. ಹೀಗಿರುವಾಗ ಸೂರ್ಯಾಸ್ತವನ್ನು ನೋಡಿ ಮುಗಿಸಿ, ಕತ್ತಲೆಯಲ್ಲಿ, ದಣಿದ ಕಣ್ಣಿನಿಂದ, ಮನೆ ಸೇರುವ ಆತುರದಲ್ಲಿ ಇಳಿಯುವವರು ಈ ಲೆಕ್ಕವನ್ನು ಎರಡು ಸಲ ನೆನೆಯಬೇಕು.

ಮಾಡಬೇಕಾದುದು ಇಷ್ಟೆ. ಇಳಿತ ಮೊದಲಾಗುವ ಮುನ್ನವೇ ಕೆಳ ಗೇರು ಹಾಕುವುದು. ಬ್ರೇಕನ್ನು ಸದಾ ತುಳಿದೇ ಇರದೆ, ವೇಗ ತಗ್ಗುವಷ್ಟು ಒತ್ತಿ, ಮತ್ತೆ ಬಿಟ್ಟು ಅದಕ್ಕೆ ತಣಿಯಲು ಬಿಡುವು ಕೊಡುವುದು. ತಿರುವಿನೊಳಗಲ್ಲ, ತಿರುವಿಗೆ ಮುಂಚೆಯೇ ವೇಗ ಇಳಿಸುವುದು. ಏರುತ್ತಿರುವ ವಾಹನಕ್ಕೆ ದಾರಿ ಬಿಡುವುದು. ಸುಟ್ಟ ವಾಸನೆ ಬಂದರೆ ಅಪಾಯವಿಲ್ಲದ ಕಡೆ ನಿಲ್ಲಿಸಿ ಆರಲು ಬಿಡಬೇಕು. ಕಾದ ಕಬ್ಬಿಣಕ್ಕೆ ನೀರು ಸುರಿದರೆ ಅದು ಸೀಳಬಹುದು. ಏರುವಾಗ ಪೆಟ್ರೋಲಿನಿಂದ ಕೊಂಡ ಎತ್ತರವನ್ನು ಇಳಿಯುವಾಗ ಶಾಖವಾಗಿ ಹಿಂದಿರುಗಿಸಲೇಬೇಕು. ಈ ಸಾಲ ಯಾರಿಗೂ ಮನ್ನಾ ಆಗದು. ಆದರೆ ಕಂತುಕಂತಾಗಿ ತೀರಿಸುವ ಸ್ವಾತಂತ್ರ್ಯ ಮಾತ್ರ ಚಾಲಕನ ಕೈಯಲ್ಲಿದೆ.