ಶೇಂಗಾ ಬೀಜದ ಎಣ್ಣೆ ಹಾಗೂ ಮಕ್ಕಳ ಪಾಠ



ಮುಂಗಾರಿ ಶೇಂಗಾ ಕೀಳುವ ಹಂಗಾಮು ಮತ್ತು ಕಾಲೇಜಿನ ಅರ್ಧವಾರ್ಷಿಕ ಪರೀಕ್ಷೆ ಬಹುಮಟ್ಟಿಗೆ ಹತ್ತಿರ ಹತ್ತಿರವೇ ಬರುತ್ತವೆ. ಬಳ್ಳಿಯಿಂದ ಕಾಯಿ ಬಿಡಿಸಲು ಮನೆಯ ಮಕ್ಕಳು ಬೇಕು. ಅವರಿಗೆ ಓದುವ ಹೊತ್ತೂ ಬೇಕು. ಪ್ರಥಮ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದುವವರಿಗೆ ಜೀವಶಾಸ್ತ್ರದಲ್ಲಿ ಜೈವಿಕ ಅಣುಗಳ ಪಾಠವಿದೆ. ಲಿಪಿಡ್ಡುಗಳು, ಅಂದರೆ ಕೊಬ್ಬು ಮತ್ತು ಎಣ್ಣೆಗಳ ವಿಷಯ ಅದರಲ್ಲೇ ಬರುತ್ತದೆ. ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನ ಮರೆಯುವ ಪಾಠಗಳಲ್ಲಿ ಇದೂ ಒಂದು. ಆದರೆ ಅದಕ್ಕೆ ಬೇಕಾದ ಸಾಮಗ್ರಿ ನಿಮ್ಮ ಕಣದಲ್ಲೇ ರಾಶಿ ಬಿದ್ದಿರುತ್ತದೆ. "ನಾವು ಓದಿದವರಲ್ಲ, ನಾವೇನು ಹೇಳಿಕೊಡುವುದು" ಎನ್ನುವ ತಂದೆತಾಯಿಗಳಿಗಾಗಿಯೇ ಈ ನಾಲ್ಕು ಮಾತು.

ಒಣಗಿದ ಒಂದು ಶೇಂಗಾ ಬೀಜವನ್ನು ಬಿಳಿ ಕಾಗದದ ಮೇಲೆ ಅರೆಯಿರಿ. ಪಕ್ಕದಲ್ಲಿ ಒಂದು ಹನಿ ನೀರು ಹಾಕಿ. ನೀರಿನ ಕಲೆ ಆರಿಹೋಗುತ್ತದೆ, ಬೀಜದ ಕಲೆ ಉಳಿಯುತ್ತದೆ. ಬೆಳಕಿಗೆ ಹಿಡಿದರೆ ಅಲ್ಲಿ ಕಾಗದ ಹೊಳೆಯುತ್ತದೆ. ಅದೇ ಎಣ್ಣೆ. ಶೇಂಗಾ ಬೀಜದ ತೂಕದಲ್ಲಿ ಸುಮಾರು ಶೇಕಡಾ 45ರಿಂದ 50 ಭಾಗ ಎಣ್ಣೆಯೇ. ಸಸಿ ತನ್ನ ಎಲೆಯಿಂದ ಆಹಾರ ತಯಾರಿಸುವವರೆಗೆ ಇದೇ ಅದರ ಬುತ್ತಿ. ಒಂದು ಗ್ರಾಂ ಪಿಷ್ಟದಿಂದ ಸುಮಾರು 4 ಕಿಲೋಕ್ಯಾಲೊರಿ ಶಕ್ತಿ ದೊರೆತರೆ ಒಂದು ಗ್ರಾಂ ಎಣ್ಣೆಯಿಂದ 9 ದೊರೆಯುತ್ತದೆ. ಚಿಕ್ಕ ಗಂಟಿನಲ್ಲಿ ದೊಡ್ಡ ಬುತ್ತಿ ಕಟ್ಟುವ ಉಪಾಯವಿದು.

ಎಣ್ಣೆಯ ಅಣು ಹೇಗಿರುತ್ತದೆ? ಮೂರು ತಾಳಿನ ಕೂರಿಗೆಯನ್ನು ನೆನೆಯಿರಿ. ಮೇಲಿನ ದಿಂಡು ಗ್ಲಿಸರಾಲ್. ಅದಕ್ಕೆ ಸೇರಿಸಿದ ಮೂರು ತಾಳುಗಳು ಕೊಬ್ಬಿನ ಆಮ್ಲಗಳು. ಈ ಆಮ್ಲಗಳು ಇಂಗಾಲದ ಸರಪಳಿಗಳು. ಕೆಲವು ನೆಟ್ಟಗಿವೆ; ಇವು ಪರ್ಯಾಪ್ತ ಆಮ್ಲಗಳು. ದ್ವಿಬಂಧವಿರುವಲ್ಲಿ ಕೆಲವು ಬಾಗಿವೆ. ಇವು ಅಪರ್ಯಾಪ್ತ ಆಮ್ಲಗಳು.

ಇಲ್ಲಿ ನನ್ನದೇ ಒಂದು ಸಂಗತಿ. ಪದವಿಯ ಮೌಖಿಕ ಪರೀಕ್ಷೆಯಲ್ಲಿ ಈ ವ್ಯಾಖ್ಯೆಗಳನ್ನು ಪಟಪಟನೆ ಒಪ್ಪಿಸಿದೆ. ಪರೀಕ್ಷಕರು, "ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಕುಸುಬೆ ಎಣ್ಣೆ ಆಗುವುದಿಲ್ಲ, ಏಕೆ?" ಎಂದು ಕೇಳಿದರು. ಎರಡೂ ಎಣ್ಣೆ ನಮ್ಮ ಮನೆಯಲ್ಲಿದ್ದವು, ಉತ್ತರ ಮಾತ್ರ ನನ್ನ ಬಾಯಲ್ಲಿರಲಿಲ್ಲ. ಜೋಳದ ಕಣಿಕೆಯನ್ನು ಬಿಗಿಯಾಗಿ ಸಿವುಡು ಕಟ್ಟಬಹುದು. ಜಾಲಿಯ ಸೊಟ್ಟ ಟೊಂಗೆಗಳ ಹೊರೆ ಎಷ್ಟು ಬಿಗಿದರೂ ಸಡಿಲವೇ. ನೆಟ್ಟಗಿನ ಸರಪಳಿಗಳು ಹೆಚ್ಚಿರುವ ಕೊಬ್ಬರಿ ಎಣ್ಣೆ ಒತ್ತಾಗಿ ಸೇರಿ ಹೆಪ್ಪುಗಟ್ಟುತ್ತದೆ. ಬಾಗಿದ ಸರಪಳಿಗಳ ಕುಸುಬೆ ಎಣ್ಣೆ ತಿಳಿಯಾಗಿಯೇ ಉಳಿಯುತ್ತದೆ. ಇಷ್ಟೇ ಉತ್ತರ. ಕಣಿಕೆ ಹೊತ್ತು ಬೆಳೆದವನಿಗೆ ಅದು ಹೊಳೆಯಲಿಲ್ಲ.

ಆ ದ್ವಿಬಂಧವಿರುವ ಕಡೆಯೇ ಗಾಳಿಯ ಆಮ್ಲಜನಕ ಸುಲಭವಾಗಿ ತಗಲಿ ಎಣ್ಣೆ ಕಮಟು ಹಿಡಿಯುತ್ತದೆ. ಬಿಸಿಲು, ಸೆಕೆ, ತೇವ ಇದಕ್ಕೆ ನೆರವಾಗುತ್ತವೆ. ಜೀವಕೋಶದ ಪೊರೆಯೂ ಲಿಪಿಡ್ಡಿನಿಂದಲೇ ಆಗಿರುವುದರಿಂದ, ಅದು ಕೆಟ್ಟಂತೆ ಮೊಳಕೆಯ ಶಕ್ತಿಯೂ ಕುಗ್ಗುತ್ತದೆ. ಬಿತ್ತನೆಯ ಶೇಂಗಾವನ್ನು ಚೆನ್ನಾಗಿ ಒಣಗಿಸಿ ಸಿಪ್ಪೆ ಸಮೇತ ಇಡಬೇಕೆಂದು ನಾವು ಪದೇ ಪದೇ ಹೇಳುವುದು ಇದಕ್ಕೇ.

ಇನ್ನು ಓದಿನ ಕ್ರಮ. ಒಂದೇ ಪುಟವನ್ನು ಹತ್ತು ಸಲ ಓದಿದರೆ ಪುಟ ಪರಿಚಿತವಾಗುತ್ತದೆ, ವಿಷಯ ತಿಳಿದಂತೆ ಭ್ರಮೆಯಾಗುತ್ತದೆ. ಅದರ ಬದಲು ಒಂದು ಭಾಗ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಬೇಕು. ಆಮೇಲೆ ತೆರೆದು ತಪ್ಪು ತಿದ್ದಿಕೊಳ್ಳಬೇಕು. ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ನಡೆಸಿ, ಕಲಿತದ್ದು ಮೊದಮೊದಲು ಬಹು ಬೇಗ ಮರೆತುಹೋಗುತ್ತದೆಂದು 1885ರಲ್ಲಿ ತೋರಿಸಿದರು. ಆದ್ದರಿಂದ ಮರುದಿನ ಒಮ್ಮೆ, ಮೂರು-ನಾಲ್ಕು ದಿನ ಬಿಟ್ಟು ಒಮ್ಮೆ, ವಾರದ ಮೇಲೆ ಮತ್ತೊಮ್ಮೆ ನೆನಪು ಮಾಡಿಕೊಳ್ಳುವುದು ಒಂದೇ ರಾತ್ರಿ ನಿದ್ದೆಗೆಟ್ಟು ಓದುವುದಕ್ಕಿಂತ ಮೇಲು. ಓದುವಾಗ ಮೊಬೈಲು ಬೇರೆ ಕೋಣೆಯಲ್ಲಿರಲಿ. ನಿಮ್ಮ ಮೊಬೈಲು ಕೂಡ.

ಕಾಯಿ ಬಿಡಿಸುತ್ತ ಕುಳಿತಾಗ ನೀವು ಕೇಳಿರಿ: ಬೀಜದಲ್ಲಿ ಎಣ್ಣೆ ಯಾಕಿದೆ? ಕಮಟು ಯಾಕೆ ಹಿಡಿಯುತ್ತದೆ? ಉತ್ತರ ನಿಮಗೆ ಅರ್ಥವಾದರೆ ಮಗಳಿಗೂ ಅರ್ಥವಾಗಿದೆ ಎಂದು ತಿಳಿಯಿರಿ. ಅರ್ಥವಾಗದಿದ್ದರೆ ಅವಳು ಮತ್ತೊಮ್ಮೆ ಪುಸ್ತಕ ನೋಡಲಿ.

ಜೊತೆಗೆ ಒಂದು ಕೆಲಸ ಮಾಡಿ. ಹೊಸದಾಗಿ ಕಿತ್ತ ಬೀಜ ಕೆಲವು ತಳಿಗಳಲ್ಲಿ ಕೂಡಲೇ ಮೊಳೆಯುವುದಿಲ್ಲ. ಆದ್ದರಿಂದ ಹಿಂದಿನ ಹಂಗಾಮಿನ 100 ಬೀಜಗಳನ್ನು ಎಣಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಿನಲ್ಲಿಡಿ. ಮೊಳೆಯುವಾಗ ಕಿಣ್ವಗಳು ಎಣ್ಣೆಯನ್ನು ಒಡೆಯುತ್ತವೆ, ಅದು ಸಕ್ಕರೆಯಾಗಿ ಎಳೆಯ ಬೇರಿಗೆ ಸಾಗುತ್ತದೆ. ಚೀಲಕ್ಕೆ ನೀರು ಚಿಮುಕಿಸುವಾಗಲೆಲ್ಲ ಮಗಳು ಪುಸ್ತಕ ನೋಡದೆ ಅಂದಿನ ಭಾಗ ಹೇಳಲಿ. ಎಂಟು-ಹತ್ತು ದಿನಕ್ಕೆ ಸದೃಢ ಮೊಳಕೆಗಳನ್ನು ಎಣಿಸಿ ಅವಳೇ ಬರೆದಿಡಲಿ. ಪ್ರಮಾಣಿತ ಶೇಂಗಾ ಬೀಜಕ್ಕೆ ಕನಿಷ್ಠ ಶೇಕಡಾ 70 ಮೊಳಕೆ ಇರಬೇಕೆಂಬ ನಿಯಮವಿದೆ. ನಿಮ್ಮ ಎಣಿಕೆ ಅದಕ್ಕಿಂತ ಕಡಿಮೆ ಬಂದರೆ ಆ ರಾಶಿಯನ್ನು ಬಿತ್ತನೆಗೆ ಇಟ್ಟುಕೊಳ್ಳಬೇಡಿ.